ಮನೆಯಲ್ಲೇ ಹಿಡಿದ ಮೂತ್ರದಿಂದ ನಾವು ಏನು ತಿಂದಿದ್ದೇವೆ ಅಂತ ಗೊತ್ತಾಗುತ್ತಾ?

ಗೊತ್ತಾಗುತ್ತೆ, ಆದರೆ ಎಲ್ಲವೂ ಅಲ್ಲ. ಏನು ತಿಂದಿರಿ ಅಂತ ಕೇಳಿದರೆ ಜನ ಮರೆತಿರುತ್ತಾರೆ, ಇಲ್ಲವೇ ಕಡಿಮೆ ಹೇಳುತ್ತಾರೆ. ಮೂತ್ರಕ್ಕೆ ಆ ಮುಲಾಜಿಲ್ಲ. ಕಿತ್ತಳೆ ಜಾತಿಯ ಹಣ್ಣು ತಿಂದರೆ ಪ್ರೋಲಿನ್ ಬೀಟೈನ್ ಎಂಬ ವಸ್ತು ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಏರುತ್ತದೆ, ಒಂದೆರಡು ದಿನದಲ್ಲಿ ಬಹುತೇಕ ಇಳಿದುಹೋಗುತ್ತದೆ. ಹಾಗಾಗಿ ಒಂದು ಸ್ಯಾಂಪಲ್ ಹೇಳುವುದು ನಿನ್ನೆ ಮೊನ್ನೆಯ ಊಟದ ವಿಷಯ ಮಾತ್ರ; ರೂಢಿ ತಿಳಿಯಬೇಕಾದರೆ ಬೇರೆ ಬೇರೆ ದಿನಗಳದ್ದು ಬೇಕು. ನೀರು ಹೆಚ್ಚು ಕುಡಿದು ಮೂತ್ರ ತೆಳುವಾಗಿದ್ದರೆ ಲ್ಯಾಬ್‌ನವರು ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಹೋಗುವ ತ್ಯಾಜ್ಯ) ಲೆಕ್ಕದಲ್ಲಿ ಸರಿಪಡಿಸಿಕೊಳ್ಳುತ್ತಾರೆ.

ಉಪ್ಪಿಗೆ ಮಾತ್ರ 24 ಗಂಟೆಯ ಮೂತ್ರವನ್ನು ಪೂರ್ತಿ ಕೂಡಿಡುವುದೇ (ರಗಳೆಯ ಕೆಲಸವಾದರೂ) ನಂಬಬಹುದಾದ ದಾರಿ: ತಿಂದ ಸೋಡಿಯಂನ ಸುಮಾರು 90% ಅದರಲ್ಲೇ ಹೊರಬರುತ್ತದೆ. ಎಣ್ಣೆ, ಕೊಬ್ಬು ಎಷ್ಟು ತಿಂದಿರಿ ಅನ್ನುವುದನ್ನು ಮೂತ್ರ ಅಷ್ಟಾಗಿ ಬಿಟ್ಟುಕೊಡುವುದಿಲ್ಲ.