ಮೊದಲ ಟ್ಯಾಟೂ ಚಿಕ್ಕದಾಗಿರಲಿ ಅಂತಿದ್ದೇನೆ. ಸರಿಯಾದ ಆರ್ಟಿಸ್ಟನ್ನು ಹುಡುಕುವುದು ಹೇಗೆ?

ಮಣಿಕಟ್ಟಿನ ಒಳಗಡೆ ಒಂದೇ ಒಂದು ಪದ, ಮೊದಲನೆಯದಲ್ವಾ, ಚಿಕ್ಕದಿದ್ದರೆ ಸೇಫು ಅಂತ ಬರೆದಿದ್ದೀರಿ. ಓದಿದ ಕೂಡಲೇ ನನ್ನ ಎಡಗೈ ತಿರುಗಿಸಿ ನೋಡಿಕೊಂಡೆ. ಅಲ್ಲೂ ಒಂದು ಪದ ಇದೆ. ಏಳು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ.

ನನ್ನ ಪದ 'ನಿಶ್ಚಿಂತೆ'. ನಗಬೇಡಿ. ಆಗ ಅದು ಬಹಳ ದೊಡ್ಡ ಅರ್ಥದ ಪದ ಅನ್ನಿಸಿತ್ತು. ಆರ್ಟಿಸ್ಟನ್ನು ಹುಡುಕೋಕೆ ಎರಡು ತಿಂಗಳು ತಗೊಂಡೆ, ಅಂದರೆ ಸೋಮಾರಿತನ ಮಾಡಲಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ನೂರಾರು ಫೋಟೊ ನೋಡಿದೆ. ಕೊನೆಗೆ ಆರಿಸಿಕೊಂಡ ಆರ್ಟಿಸ್ಟ್ ನಿಜಕ್ಕೂ ಪ್ರತಿಭಾವಂತರು. ತೋಳದ ಮುಖ ಬಿಡಿಸಿದರೆ ಒಂದೊಂದು ಕೂದಲೂ ಎಣಿಸಬಹುದು. ನವಿಲುಗರಿ, ಕಣ್ಣು, ಜನರ ಮುಖ, ಎಲ್ಲಾ ಅದ್ಭುತ. ಅಕ್ಷರದ ಕೆಲಸ ಮಾತ್ರ ಒಂದೂ ಇರಲಿಲ್ಲ. ಇಷ್ಟು ಕಷ್ಟದ್ದು ಮಾಡುವವರಿಗೆ ಒಂದು ಪದ ಯಾವ ಲೆಕ್ಕ ಅಂದುಕೊಂಡೆ.

ಆದರೆ ನನ್ನ ಅಸಲಿ ತಪ್ಪು ಅದಲ್ಲ. ನಾನು ನೋಡಿದ ಅಷ್ಟೂ ಫೋಟೊ ಟ್ಯಾಟೂ ಹಾಕಿದ ಅರ್ಧ ಗಂಟೆಯೊಳಗೆ ತೆಗೆದದ್ದು. ಚರ್ಮ ಇನ್ನೂ ಕೆಂಪಗಿರುತ್ತದೆ, ಕಪ್ಪು ಇನ್ನೂ ಕಡುಗಪ್ಪಾಗಿರುತ್ತದೆ, ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಕಾಣುತ್ತದೆ. ಆ ದಿನ ಯಾರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ಸುಮಾರಾದ ಕೆಲಸವೂ! ಅದು ಆರು ತಿಂಗಳು, ಎರಡು ವರ್ಷ ಆದಮೇಲೆ ಹೇಗಿದೆ ಅನ್ನುವ ಒಂದು ಫೋಟೊ ನಾನು ಕೇಳಲಿಲ್ಲ. ಕೇಳಬಹುದು ಅಂತಲೇ ಗೊತ್ತಿರಲಿಲ್ಲ.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, ಇಂಕು ಹಾಕಿದ ಜಾಗದಲ್ಲಿ ಹಾಗೇ ಕೂತಿರುವುದಿಲ್ಲ. ಸೂಜಿ ಒಂದರಿಂದ ಎರಡು ಮಿಲಿಮೀಟರಿನಷ್ಟು ಒಳಗೆ ಹೋಗುತ್ತದೆ. ಮೇಲಿನ ಪದರ ಉದುರಿ ಹೊಸದಾಗುತ್ತಾ ಇರುತ್ತದೆ, ಅದಕ್ಕೇ ಇಂಕನ್ನು ಅದರ ಕೆಳಗಿನ ಪದರಕ್ಕೆ ಇಳಿಸುತ್ತಾರೆ. ಅಲ್ಲಿ ದೇಹದ ಕಾವಲು ಕೋಶಗಳು ಅದನ್ನು ನುಂಗಿ, ಅರಗಿಸಿಕೊಳ್ಳಲಾಗದೆ ಹಿಡಿದುಕೊಂಡು ಕೂರುತ್ತವೆ. ಒಂದು ಸತ್ತರೆ ಅದು ಬಿಟ್ಟ ಬಣ್ಣವನ್ನು ಪಕ್ಕದ್ದು ನುಂಗುತ್ತದೆ. 2018ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಇದು ಕಂಡುಬಂತು. ಗೆರೆ ಉಳಿಯುವುದು ಹೀಗೆ, ಆದರೆ ವರ್ಷ ಕಳೆದಂತೆ ಒಂಚೂರು ಒಂಚೂರೇ ದಪ್ಪ ಆಗುತ್ತಾ ಹೋಗುತ್ತದೆ. ಇನ್ನು ಸೂಜಿ ಬೇಕಾದ್ದಕ್ಕಿಂತ ಆಳಕ್ಕೆ ಇಳಿದರೆ ಕಾಯಬೇಕಾಗಿಯೇ ಇಲ್ಲ, ಒದ್ದೆ ಕಾಗದದ ಮೇಲೆ ಶಾಯಿ ಬಿದ್ದಂಗೆ ಹರಡಿಬಿಡುತ್ತದೆ. ಮಣಿಕಟ್ಟಿನ ಚರ್ಮ ತೆಳು, ಅಲ್ಲಿ ಆ ಅಪಾಯ ಜಾಸ್ತಿ.

ಈಗ ನನ್ನ ಪದ ನೋಡಿ. 'ನಿ'ಗೆ ಗುಡಿಸು, 'ಶ'ದ ಕೆಳಗೆ ಚ ಒತ್ತು, ಮೇಲೆ ಇನ್ನೊಂದು ಗುಡಿಸು, ಪಕ್ಕದಲ್ಲಿ ಸೊನ್ನೆ. ಕನ್ನಡದ ಅಕ್ಷರ ಅಂದರೆ ಬರೀ ಸುಳಿ, ಹೊಟ್ಟೆ, ಕಿಂಡಿ. ಇಷ್ಟನ್ನೂ ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ತುರುಕಿಸಿದ್ದೆ. ಒತ್ತಿನ ಒಳಗೆ ಸಾಸಿವೆ ಕಾಳಿನಷ್ಟೂ ಜಾಗ ಇರಲಿಲ್ಲ. ನೇರಳೆ ಬಣ್ಣದ ಸ್ಟೆನ್ಸಿಲ್, ಅಂದರೆ ಸೂಜಿ ಹಾಕುವ ಮೊದಲು ಚರ್ಮದ ಮೇಲೆ ಒತ್ತುವ ಡಿಸೈನಿನ ಅಚ್ಚು, ಕೈಗೆ ಅಂಟಿಸಿದಾಗ ಆರ್ಟಿಸ್ಟ್ "ಸ್ವಲ್ಪ ದೊಡ್ಡದು ಮಾಡೋಣ್ವಾ?" ಅಂತ ಕೇಳಿದರು. ಬೇಡ, ಚಿಕ್ಕದೇ ಚೆಂದ ಅಂದೆ. "ಸರಿ" ಅಂದುಬಿಟ್ಟರು. ಹತ್ತು ಸೆಕೆಂಡಿನ ಮಾತು ಅದು.

ಎರಡು ವಾರಕ್ಕೆ ಹಕ್ಕಳೆ ಉದುರಿತು, ಆಗಲೇ ಒತ್ತು ಮಂಕಾಗಿತ್ತು. ಎರಡು ವರ್ಷಕ್ಕೆ ಸೊನ್ನೆ ತುಂಬಿಕೊಂಡು ಚುಕ್ಕೆ ಆಯಿತು, ಒತ್ತು ಒಂದು ಕಪ್ಪು ಉಂಡೆ. ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿಯೊಬ್ಬಳು "ಅಕ್ಕಾ, ಕೈಗೆ ಗ್ರೀಸ್ ಅಂಟಿದೆ" ಅಂದಳು. ಟಿಶ್ಯೂ ಬೇರೆ ಕೊಟ್ಟಳು ಪಾಪ.

ಹಾಗಾಗಿ 'ಚಿಕ್ಕದು ಸೇಫು' ಅನ್ನೋದನ್ನ ನಾನು ಒಪ್ಪುವುದೇ ಇಲ್ಲ. ಅಂಗೈಯಷ್ಟು ದೊಡ್ಡ ಎಲೆಯ ಚಿತ್ರದಲ್ಲಿ ಒಂದು ಗೆರೆ ದಪ್ಪ ಆದರೆ ಯಾರಿಗೂ ಗೊತ್ತಾಗಲ್ಲ, ಉಗುರಿನಷ್ಟಿರುವ ಪದದಲ್ಲಿ ಅದೇ ಗೆರೆ ಅಕ್ಷರವನ್ನೇ ನುಂಗುತ್ತದೆ. ಪದವೇ ಬೇಕಾ? ಹಾಕಿಸಿ, ಆದರೆ ಮುಂಗೈಗೆ ಹಾಕಿಸಿ, ದೊಡ್ಡದಾಗಿ ಹಾಕಿಸಿ. ಇಲ್ಲಾಂದ್ರೆ ಒತ್ತಕ್ಷರ ಇಲ್ಲದ ಪದ ಆರಿಸಿಕೊಳ್ಳಿ. ಬೆರಳಿನ ಮೇಲೆ ಮಾತ್ರ ಬೇಡವೇ ಬೇಡ, ಅಲ್ಲಿ ಬೇಗ ಮಾಸುತ್ತದೆ.

ಡಿಸೈನ್ ಮೊದಲೋ ಆರ್ಟಿಸ್ಟ್ ಮೊದಲೋ ಅಂತಲೂ ಕೇಳಿದ್ದೀರಿ. ಯಾವ ಬಗೆಯ ಕೆಲಸ ಬೇಕು ಅಂತ ಗೊತ್ತಾದರೆ ಸಾಕು, ಆಮೇಲೆ ಆರ್ಟಿಸ್ಟ್. ಅಕ್ಷರ ಬೇಕಿದ್ದರೆ ಅಕ್ಷರದ ಕೆಲಸ ಮಾಡುವವರ ಹತ್ತಿರ ಹೋಗಿ, ಆಗುವುದಾದರೆ ಆ ಲಿಪಿ ಓದಲು ಬರುವವರ ಹತ್ತಿರ. ವಾಸಿಯಾಗಿ ವರ್ಷ ಕಳೆದ ಕೆಲಸದ ಫೋಟೊ ಕೇಳಿ. ಕೊಡೋಕೆ ತಡವರಿಸಿದರೆ ಎದ್ದು ಬನ್ನಿ. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಇಂಕನ್ನು ನಿಮಗೆ ಅಂತ ಹೊಸ ಪುಟ್ಟ ಕಪ್ಪಿಗೆ ಸುರಿಯಬೇಕು, ಗ್ಲೌಸ್ ಇರಬೇಕು. ಹೆಪಟೈಟಿಸ್ ಬಿ, ಸಿ ಎರಡೂ ಸೂಜಿಯಿಂದ ಹರಡುತ್ತವೆ, ಇಲ್ಲಿ ಸಂಕೋಚ ಬೇಡ. ಸ್ಟೆನ್ಸಿಲ್ ಅಂಟಿಸಿದ ಮೇಲೆ ಎದ್ದು ನಿಂತು, ಕೈ ಇಳಿಬಿಟ್ಟು, ಕನ್ನಡಿಯಲ್ಲಿ ನೋಡಿ. ಮೂರು ಸಲ ಒರೆಸಿ ಮತ್ತೆ ಅಂಟಿಸಿ ಅಂದರೂ ಆರ್ಟಿಸ್ಟ್ ಮುಖ ಗಂಟಿಕ್ಕಬಾರದು.

ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು, ಅವರಿಗೆ 'ಆಗಲ್ಲ' ಅನ್ನೋಕೆ ಬರಬೇಕು. ನನ್ನ ಕೈಮೇಲಿನ ಪದವನ್ನು ಸರಿಮಾಡಿಸೋಣ ಅಂತ ಹೋದ ವರ್ಷ ಇನ್ನೊಬ್ಬ ಆರ್ಟಿಸ್ಟ್ ಹತ್ತಿರ ಹೋದೆ. ಆಕೆ ಕೈ ಹಿಡಿದು ದೀಪಕ್ಕೆ ಒಡ್ಡಿ ನೋಡಿ, ಇದರ ಮೇಲೆ ಮತ್ತೆ ಪದ ಬರೆಯೋದಿಲ್ಲ, ಬೇಕಿದ್ದರೆ ಚರ್ಮದ ಡಾಕ್ಟರ ಹತ್ತಿರ ಕೆಲವು ಸಲ ಲೇಸರ್ ಮಾಡಿಸಿ ತಿಳಿ ಮಾಡಿಸಿಕೊಂಡು ಬನ್ನಿ ಅಂದರು. ಸಿಟ್ಟು ಬಂತು. ಆಮೇಲೆ ಅವರು ಒಂದು ಕಾಗದದ ಮೇಲೆ ನನ್ನ ಪದವನ್ನು ಅದೇ ಅಳತೆಯಲ್ಲಿ ಸಣ್ಣ ಪೆನ್ನಿನಲ್ಲಿ ಬರೆದರು. ಅದರ ಮೇಲೇ ದಪ್ಪ ಸ್ಕೆಚ್ ಪೆನ್ನಿನಲ್ಲಿ ತಿದ್ದಿದರು. ಸೊನ್ನೆ ಮುಚ್ಚಿತು, ಒತ್ತು ಉಂಡೆ ಆಯಿತು, ನನ್ನ ಕೈಮೇಲೆ ಇರುವುದೇ ಕಾಗದದ ಮೇಲೂ ಬಂತು.

ಒಂದು ನಿಮಿಷದ ಕೆಲಸ. ನಿಮ್ಮ ಪದವನ್ನೂ ಹಾಗೆ ಬರೆದು ನೋಡಿ, ಬೇಕಿದ್ದರೆ ಫೋಟೊ ಹಾಕಿ, ನೋಡಿ ಹೇಳ್ತೀನಿ.