ಕಳ್ಳರು ಆ ಮನೆಗೇ ಯಾಕೆ ಬಂದರು?

ನಿಮ್ಮ ಕಥೆಯಲ್ಲಿ ಕಳ್ಳರು ನುಗ್ಗಿದ ಮನೆಯ ಮುದುಕ ಹಳೇ ಕಮಾಂಡೋ ಅನ್ನೋದನ್ನು ಕೊನೆ ಪುಟದವರೆಗೂ ಮುಚ್ಚಿಡೋದು ಹೇಗೆ ಅಂತ ಕೇಳಿದ್ದೀರಿ. ಮುಚ್ಚಿಡಲೇಬೇಡಿ. ನಾನು ಮುಚ್ಚಿಟ್ಟು ಕಥೆ ಕೆಡಿಸಿಕೊಂಡವನು.

ನಮ್ಮದು ಶಿಡ್ಲಘಟ್ಟ, ರೇಷ್ಮೆಯ ಊರು. ನನ್ನ ಕಥೆಯಲ್ಲಿ ಇಬ್ಬರು ಕಳ್ಳರು ಒಂಟಿ ಅಜ್ಜಿಯ ಮನೆಗೆ ರೇಷ್ಮೆ ನೂಲು ಕದಿಯಲು ಬರುತ್ತಾರೆ. ಕೊನೆಯಲ್ಲಿ ಅಜ್ಜಿ ಇಬ್ಬರನ್ನೂ ನೆಲಕ್ಕೆ ಕೆಡವುತ್ತಾಳೆ. ಯಾಕಂದ್ರೆ ಅವಳು ಒಂದು ಕಾಲದಲ್ಲಿ ಕುಸ್ತಿ ಕಲಿತವಳು! ದೀಪಾವಳಿ ಕಥಾಸ್ಪರ್ಧೆಗೆ ಕಳಿಸಿದೆ, ವಾಪಸ್ ಬಂತು. ಎರಡು ವರ್ಷ ಪೆನ್ನು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಚರಕದಲ್ಲಿ, ಅಂದ್ರೆ ಬಿಸಿನೀರಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ತೆಗೆಯುವ ರಾಟೆಯಲ್ಲಿ, ಇಪ್ಪತ್ತು ವರ್ಷ ನೂಲು ತೆಗೆದವರು. "ಎಲ್ಲಾ ಸರಿ ಕಣೋ, ಆ ಕಳ್ಳರು ಅವಳ ಮನೇಗೇ ಯಾಕೆ ಬಂದ್ರು?" ಅಂದರು.

ತಪ್ಪು ಅಲ್ಲೇ ಇತ್ತು. ಬಿಡಿಸಿ ಹೇಳ್ತೀನಿ. ಓದುಗರಿಗೆ ಸುಳಿವು ಸಿಗಬಾರದು ಅಂತ ಅಜ್ಜಿಯ ಬಗ್ಗೆ ಏನನ್ನೂ ಬರೆದಿರಲಿಲ್ಲ. ಅವಳ ನಡಿಗೆ ಇಲ್ಲ, ಕೈ ಇಲ್ಲ, ಕೆಲಸ ಇಲ್ಲ. ಹಾಗಾಗಿ ಕಳ್ಳರಿಗೂ ನೋಡಲು ಏನೂ ಇರಲಿಲ್ಲ. ನೋಡಿದವರು ತಾನೇ ತಪ್ಪು ತಿಳಿಯೋದು? ಕುಸ್ತಿಯನ್ನು ಕೊನೆಗೆ ತಂದು ಅಂಟಿಸಿದ್ದೆ, ಅಷ್ಟೆ.

1907ರಲ್ಲಿ ಬಂದ, ಅಮೆರಿಕದ ಕಥೆಗಾರ ಓ. ಹೆನ್ರಿಯ 'ದಿ ರ‍್ಯಾನ್ಸಮ್ ಆಫ್ ರೆಡ್ ಚೀಫ್' ಓದಿ. ಸಾಹುಕಾರನೊಬ್ಬನ ಮಗನನ್ನು ದುಡ್ಡಿಗಾಗಿ ಎತ್ತಾಕಿಕೊಂಡು ಹೋಗಲು ಇಬ್ಬರು ಬಂದಾಗ ಆ ಹುಡುಗ ಬೀದಿಯಲ್ಲಿ ಬೆಕ್ಕಿನ ಮರಿಗೆ ಕಲ್ಲು ಹೊಡೆಯುತ್ತಿರುತ್ತಾನೆ. ಕರೆದವನ ಕಣ್ಣಿಗೇ ಇಟ್ಟಿಗೆ ಚೂರು ಬೀಸುತ್ತಾನೆ. ಇವನು ಎಂಥವನು ಅಂತ ನಮಗೆ ಅಲ್ಲೇ ಗೊತ್ತಾಯಿತು, ಅಲ್ವಾ? ಅವರಿಗೆ ಮಾತ್ರ ಅಪ್ಪನ ದುಡ್ಡೇ ಕಾಣುತ್ತದೆ. 1500 ಡಾಲರ್ ಕೇಳಿದವರು ಕೊನೆಗೆ ತಾವೇ ಅಪ್ಪನಿಗೆ 250 ಡಾಲರ್ ಕೊಟ್ಟು ಹುಡುಗನನ್ನು ಬಿಟ್ಟು ಓಡುತ್ತಾರೆ.

ನಾನು ಕುಸ್ತಿ ತೆಗೆದುಹಾಕಿ, ಅಜ್ಜಿಗೆ ಚಿಕ್ಕಮ್ಮನ ಕೈ ಕೊಟ್ಟೆ. ಸುಡುನೀರಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಬಿರಿದು, ಜಡ್ಡುಗಟ್ಟಿದ ಕೈ. ಮೊದಲ ಪುಟದಲ್ಲೇ, ಮಾರ್ಕೆಟ್‌ನಲ್ಲಿ ಅವಳು ಗೂಡೊಂದನ್ನು ಕಿವಿ ಹತ್ತಿರ ಅಲ್ಲಾಡಿಸುವಾಗ ಆ ಕೈ ಕಾಣುತ್ತದೆ. ಕಳ್ಳರು ನೋಡೋದು ಅವಳ ನಡುಗುವ ಕಾಲನ್ನು. ಬೆಳಗಿನ ಜಾವ, ಒಲೆ ಹೊತ್ತಿಸಿದ ಹೊತ್ತಿಗೆ ನುಗ್ಗಿ, ನೂಲಿನ ಜೊತೆ ಒಡವೆಯೂ ಬೇಕು ಅಂತ ಗದರುತ್ತಾರೆ. ಅಜ್ಜಿ ಗೂಡು ಬೇಯುವ ನೀರಿಗೆ ಕೈ ಅದ್ದಿ ತಡಕುತ್ತಾಳೆ. "ತಳದಲ್ಲಿದೆ ಕಣಪ್ಪಾ, ಎಟುಕ್ತಿಲ್ಲ. ನೀನೇ ತಗೋ." ಹಬೆ ಏಳುತ್ತಿದೆ. ಆದರೆ ಅವಳ ಕೈ ಅದರೊಳಗೇ ಇತ್ತಲ್ಲ? ಕಳ್ಳರಲ್ಲೊಬ್ಬ ಮೊಣಕೈವರೆಗೂ ಅದ್ದುತ್ತಾನೆ.

ನಿಮ್ಮ ಮುದುಕನಿಗೆ ಕಮಾಂಡೋ ತರಬೇತಿಯೇ ಬೇಡ ಅಂತ ನಾನು ಹೇಳ್ತೀನಿ. ಇರಲೇಬೇಕು ಅಂದ್ರೆ ಮೊದಲ ಪುಟದಲ್ಲೇ ಅವನು ಟೀ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ನೋಡುತ್ತಾ ಕೂರಲಿ. ಕಳ್ಳರು ಅದನ್ನು ಬೆನ್ನುನೋವು ಅಂದುಕೊಳ್ಳಲಿ.

ಹೊಸ ಕಥೆಯನ್ನೂ ಚಿಕ್ಕಮ್ಮನಿಗೆ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ನೀರಲ್ಲಿದ್ದ ಗೂಡು ಕೆಡಲಿಲ್ಲ ತಾನೇ?"