ಸಂಪಾದಕರ ಉತ್ತರ: ಸಂಜೆ ಐದರ ಊಟ

ಬೇಲೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಜೈಲಿನವರಿಗೂ ಟೈಂಟೇಬಲ್ ಬೇಕು, ಓದು, ಆಟ, ಕಸುಬು ಎಲ್ಲ ಇರಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಶಾಲೆ ಮಕ್ಕಳಿಗೇ ವಾಲಿಬಾಲ್ ಇಲ್ಲ, ಕಳ್ಳರಿಗೆ ವಾಲಿಬಾಲಾ? ಜೈಲು ಜೈಲಿನ ಹಾಗೇ ಇರಲಿ ಸ್ವಾಮಿ."

ಮೇಷ್ಟ್ರೇ, ಮೊದಲು ನಿಮ್ಮ ಅಕ್ಷರಕ್ಕೆ ಒಂದು ನಮಸ್ಕಾರ. ಇಷ್ಟು ದುಂಡಗೆ ಬರೆಯುವವರು ಈಗ ಎಲ್ಲಿದ್ದಾರೆ? ನಿಮ್ಮ ಸಿಟ್ಟಿನಲ್ಲೂ ನ್ಯಾಯ ಇದೆ. ಮನೆಗೆ ಕನ್ನ ಬಿದ್ದವರಿಗೆ, ಮಗನನ್ನು ಕಳೆದುಕೊಂಡವರಿಗೆ ಕೈದಿಯ ವಾಲಿಬಾಲ್ ಸುದ್ದಿ ಕೇಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

"ಕಳ್ಳರಿಗೆ" ಅಂದಿರಲ್ಲ, ಅಲ್ಲೇ ಎಡವಿದಿರಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಕಳ್ಳರೋ ಅಲ್ಲವೋ ಅಂತ ಕೋರ್ಟು ಇನ್ನೂ ಹೇಳಿಯೇ ಇಲ್ಲ. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲಾ ಜೈಲುಗಳಲ್ಲಿ ಇಂಥವರೇ ಜಾಸ್ತಿ. ದೊಡ್ಡ ಶಿಕ್ಷೆ ಆದವರನ್ನು ಸಾಮಾನ್ಯವಾಗಿ ಮೈಸೂರು, ಶಿವಮೊಗ್ಗದಂಥ ಕೇಂದ್ರ ಕಾರಾಗೃಹಕ್ಕೆ ಸಾಗಿಸುತ್ತಾರೆ. ಕಠಿಣ ಸಜೆ ಆದವನಿಗೆ ಕಾನೂನೇ ಕೆಲಸ ಕೊಡುತ್ತದೆ. ವಿಚಾರಣಾಧೀನನನ್ನು ಬಲವಂತವಾಗಿ ದುಡಿಸುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಕೊನೆಗೆ ಆಗಿರುವುದು ಇಷ್ಟು: ತಪ್ಪು ಸಾಬೀತಾದವನಿಗೆ ದಿನವಿಡೀ ಕೆಲಸ, ಸಾಬೀತಾಗದವನಿಗೆ ದಿನವಿಡೀ ಗೋಡೆ.

ಆ ಗೋಡೆಯನ್ನು ನಾನೊಮ್ಮೆ ನೋಡಿದ್ದೇನೆ. ಬಹಳ ಹಿಂದೆ ಒಂದು ಸಂಘದವರ ಜೊತೆ ಗಾಂಧಿ ಜಯಂತಿಗೆ ಜೈಲಿಗೆ ಹೋಗಿದ್ದೆ. ಭಾಷಣ, ಬಾಳೆಹಣ್ಣು, ಫೋಟೊ. ಹೊರಡುವಾಗ ಒಬ್ಬ ಹುಡುಗ, "ಸಾರ್, ನಾಳೆ ಯಾರು ಬರ್ತಾರೆ?" ಅಂದ. ಯಾರೂ ಬರುವುದಿಲ್ಲ ಅಂತ ನನಗೂ ಗೊತ್ತಿತ್ತು, ವಾರ್ಡರಿಗೂ ಗೊತ್ತಿತ್ತು. ಮಾತು ಮರೆಸೋಕೆ ವಾಯಿದೆ ಯಾವಾಗ ಅಂತ ಕೇಳಿದೆ. "ಮುಂದಿನ ತಿಂಗಳು ಸಾರ್. ಅಲ್ಲೀತನಕ ಹಲ್ಲಿ ಎಣಿಸ್ತೀನಿ." ಅವನ ಬ್ಯಾರಕ್ಕಿನಲ್ಲಿ ಏಳು ಇದ್ದವಂತೆ. ಒಂದಕ್ಕೆ ಬಾಲ ಇರಲಿಲ್ಲವಂತೆ.

ನಮ್ಮಪ್ಪ ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು, ಆಗಿದ್ದರು. ಬೆಳಿಗ್ಗೆ ಗಂಟೆ, ಹಾಜರಿ, ಕೆಲಸ, ಮತ್ತೆ ಗಂಟೆ. ಆಷಾಢದ ಮಳೆ ಹಿಡಿದು ಕೆಲಸ ನಿಂತ ವಾರವೇ ಕೂಲಿಯವರ ಲೈನು ಮನೆಗಳಲ್ಲಿ ಹೊಡೆದಾಟ ಶುರುವಾಗುತ್ತಿತ್ತು. ಅದಕ್ಕೇ ಅಪ್ಪ ಬುಟ್ಟಿ ಹೆಣೆಯುವುದು, ಚೀಲ ಹೊಲಿಯುವುದು ಅಂತ ಕೆಲವು ಕೆಲಸಗಳನ್ನು ಮಳೆ ದಿನಕ್ಕೆ ಅಂತಲೇ ಎತ್ತಿಡುತ್ತಿದ್ದರು. ನನ್ನ ಟೈಂಟೇಬಲ್ ಹುಚ್ಚು ಅಲ್ಲಿಂದ ಬಂದದ್ದು. ಮನೆಯಲ್ಲಿ ಬೈಸಿಕೊಳ್ಳುವುದೂ ಇದಕ್ಕೇ.

ಜೈಲಿಗೆ ಈಗಾಗಲೇ ಗಂಟೆ ಇದೆ. ಬೆಳಿಗ್ಗೆ ಬೀಗ ತೆಗೆದು ಎಣಿಕೆ, ತಿಂಡಿ, ನೋಡಲು ಬಂದ ಮನೆಯವರ ಜೊತೆ ಸಂದರ್ಶನ. ಸಂಜೆ ಐದು, ಐದೂವರೆಗೆಲ್ಲ ಊಟ. ಕತ್ತಲಾಗುವ ಮೊದಲು ಮತ್ತೆ ಎಣಿಕೆ, ಬೀಗ. ಅಲ್ಲಿಂದ ಬೆಳಗಿನವರೆಗೆ ಹತ್ತಿರ ಹತ್ತಿರ ಹನ್ನೆರಡು ಗಂಟೆ. ಯೋಜನೆ ಹಾಕುವವರೆಲ್ಲ ಬೆಳಗಿನ ಯೋಗದಿಂದ ಶುರು ಮಾಡುತ್ತಾರೆ. ನಾನು ಸಂಜೆಯಿಂದ ಶುರು ಮಾಡಿ ಅನ್ನುತ್ತೇನೆ. ಯೋಗಕ್ಕಾದರೆ ಜೂನ್ 21ಕ್ಕೆ ಪೇಪರಿನಲ್ಲಿ ಫೋಟೊ ಬರುತ್ತದೆ. ರಾತ್ರಿ ಎಂಟಕ್ಕೆ ಬ್ಯಾರಕ್ಕಿನಲ್ಲಿ ನಾಲ್ಕು ಜನಕ್ಕೆ ಗಟ್ಟಿಯಾಗಿ ಕತೆ ಓದುವವನ ಫೋಟೊ ಯಾರು ತೆಗೀತಾರೆ? ಆ ಹೊತ್ತಿಗೆ ಓದು ಬಂದವನು ಬಾರದವನ ಕೋರ್ಟು ಕಾಗದ ಬಿಡಿಸಿ ಹೇಳಲಿ, ಮನೆಗೆ ಕಾಗದ ಬರೆದುಕೊಡಲಿ. ಚೌಕಾಬಾರ ಆಡಲಿ. ಒಂದು ಸೀಮೆಸುಣ್ಣ, ನಾಲ್ಕು ಹುಣಸೆಬೀಜ, ಅಷ್ಟೇ ಖರ್ಚು.

ವಿಚಾರಣಾಧೀನ ಇವತ್ತು ಇರುತ್ತಾನೆ, ನಾಳೆ ಜಾಮೀನಿನಲ್ಲಿ ಹೋಗುತ್ತಾನೆ. ಅವನಿಗೆ ಆರು ತಿಂಗಳ ಟೈಲರಿಂಗ್ ಕೋರ್ಸು ಇಟ್ಟರೆ ಅರ್ಧ ತೋಳಿನ ಅಂಗಿಯೇ ಗತಿ. ಎರಡೆರಡು ವಾರದ ತುಂಡು ಮಾಡಿ. ಎರಡು ವಾರದಲ್ಲಿ ಸಹಿ ಹಾಕೋದು ಕಲಿಯಬಹುದು, ನಲ್ಲಿ ರಿಪೇರಿ ಕಲಿಯಬಹುದು. ನಡುವೆ ಕೋರ್ಟಿಗೆ ಕರೆದರೆ ಮುಂದಿನ ತಂಡದ ಜೊತೆ ಕೂರಲಿ. ಹೊಸದಾಗಿ ಬಂದವನ ಮೊದಲ ವಾರವನ್ನು ಮಾತ್ರ ಬೇರೆಯಾಗಿ ನೋಡಬೇಕು. ಅವನಿಗೆ ಪಾಠ ಬೇಡ, ಪಕ್ಕದಲ್ಲಿ ಕೂರುವ ಒಬ್ಬ ಹಳಬ ಬೇಕು. ಭಾನುವಾರ ಮರೆಯಬೇಡಿ. ಕೋರ್ಟೂ ಇಲ್ಲ, ಹೊರಗಿಂದ ಬರುವವರೂ ಇಲ್ಲ. ಇದನ್ನೆಲ್ಲ ಆಫೀಸಿನಲ್ಲಿ ಕೂತು ಬರೆಯುವ ಬದಲು ಒಳಗಿದ್ದವರನ್ನೇ ಕೇಳಿ ಬರೆಯಬೇಕು. ಏಳೋದು, ತಿನ್ನೋದು, ಮಲಗೋದು ಎಲ್ಲ ಬೇರೆಯವರ ಗಂಟೆಗೆ. ದಿನಕ್ಕೆ ಒಂದು ಗಂಟೆಯಾದರೂ ತಾನೇ ಆರಿಸಿಕೊಂಡದ್ದು ಇರಲಿ.

ಯಾರಿಗೆ ಯಾವ ಕೆಲಸ ಅನ್ನುವುದರಲ್ಲೂ ನಮ್ಮ ಜಾಣತನ ಗೊತ್ತಲ್ಲ. ಇಂಥ ಜಾತಿಯವನು ಅಡುಗೆಗೆ, ಇಂಥವನು ಪಾಯಿಖಾನೆಗೆ ಅಂತ ಕೆಲವು ರಾಜ್ಯಗಳ ಜೈಲು ಕೈಪಿಡಿಯಲ್ಲೇ ಬರೆದಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಲು ಸುಪ್ರೀಂ ಕೋರ್ಟಿಗೆ 2024ರ ಅಕ್ಟೋಬರ್ 3ರ ತನಕ ಕಾಯಬೇಕಾಯಿತು. ಸ್ವಾತಂತ್ರ್ಯ ಬಂದು 77 ವರ್ಷ!

ಇದೆಲ್ಲ ಯಾರೋ ಬೇರೆಯವರ ಕತೆ ಅಂದುಕೊಳ್ಳಬೇಡಿ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನವರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ತಿಹಾರ್ ಜೈಲಿಗೆ ಕಳಿಸಿತು. ನಮ್ಮ ಸಂಸದೆಯೇ ಒಂದು ವಾರ ಒಳಗಿದ್ದರು ಮೇಷ್ಟ್ರೇ.

ಇನ್ನು ನಿಮ್ಮ ವಾಲಿಬಾಲ್. ಬಯಲಿನಲ್ಲಿ ಕೆಲಸ ಇಲ್ಲದ ಕೈದಿಗೆ ದಿನಕ್ಕೆ ಒಂದು ಗಂಟೆಯಾದರೂ ಹೊರಗಾಳಿಯಲ್ಲಿ ಮೈ ಆಡಿಸಲು ಬಿಡಬೇಕು ಅಂತ ವಿಶ್ವಸಂಸ್ಥೆಯ ಮಂಡೇಲಾ ನಿಯಮವೇ ಹೇಳುತ್ತದೆ. ಶಾಲೆ ಮಕ್ಕಳಿಗೂ ಆಟ ಬೇಕು, ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಅವರ ಪಿಟಿ ಪೀರಿಯಡ್ಡನ್ನು ಕಿತ್ತುಕೊಂಡವರು ಕೈದಿಗಳಲ್ಲ. ಗಣಿತದ ಮೇಷ್ಟ್ರುಗಳು. (ನೀವು ಯಾವ ಸಬ್ಜೆಕ್ಟು ಅಂತ ಬರೆದಿಲ್ಲ. ಅನುಮಾನ ಇದೆ.) ಇವತ್ತು ಯಾವ ಮನೆಯಲ್ಲಿ ಮಕ್ಕಳು ಆಡುತ್ತಿದ್ದಾರೆ ಹೇಳಿ? ಶಾಲೆ ಬಿಟ್ಟರೆ ಟ್ಯೂಷನ್, ಟ್ಯೂಷನ್ ಬಿಟ್ಟರೆ ಮೊಬೈಲು. ಊಟಕ್ಕೆ ಕರೆದರೂ ಏಳುವುದಿಲ್ಲ. ದಾನಿಗಳೂ ಹಾಗೇ. ಜೈಲಿನ ಲೈಬ್ರರಿಗೆ ಪುಸ್ತಕ ಕೊಡಿ ಅಂದರೆ ಮಗ ಪಾಸಾದ ಮೇಲೆ ಉಳಿದ ಹಳೇ ಗೈಡು ತಂದು ಸುರಿಯುತ್ತಾರೆ. ಅದಕ್ಕೊಂದು ಶಾಲು, ಹಾರ.

ಬ್ರೆಜಿಲ್‌ನಲ್ಲಿ 2012ರಿಂದ ಒಂದು ಪದ್ಧತಿ ಇದೆ. ಕೈದಿ ಒಂದು ಪುಸ್ತಕ ಓದಿ ಅದರ ಬಗ್ಗೆ ಬರೆದುಕೊಟ್ಟರೆ ಶಿಕ್ಷೆಯಲ್ಲಿ ನಾಲ್ಕು ದಿನ ಕಡಿಮೆ. ವರ್ಷಕ್ಕೆ 12 ಪುಸ್ತಕ, 48 ದಿನ. ಬರೆದದ್ದನ್ನು ತಿದ್ದಲು ಮೇಷ್ಟ್ರು ಬೇಕಾಗುತ್ತದೆ, ಅಲ್ವಾ? ಬೇಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಭಾನುವಾರ ಪುರುಸೊತ್ತು ಇದ್ದರೆ ತಿಳಿಸಿ. ಅನುಮತಿಗೆ ಅರ್ಜಿ ನಾನು ಬರೆದುಕೊಡುತ್ತೇನೆ. ನನ್ನ ಅಕ್ಷರ ಮಾತ್ರ ನಿಮ್ಮಷ್ಟು ಚೆನ್ನಾಗಿಲ್ಲ.

ಕಳೆದ ತಿಂಗಳ ಸಂಚಿಕೆ ಎರಡು ಪ್ರತಿ ಬಂದವು ಅಂತ ಕೊನೆಯಲ್ಲಿ ಬರೆದಿದ್ದೀರಿ. ತಪ್ಪು ನಮ್ಮದೇ. ಒಂದನ್ನು ವಾಪಸ್ ಕಳಿಸಬೇಡಿ. ಬರುವಾಗ ತನ್ನಿ.